ಸ್ವಂತ ದೋಣಿ ಕಟ್ಟಿಕೊಂಡು ಕರಾವಳಿ ರಜೆಗೆ: ಕಯಾಕ್ ಒಯ್ಯುವವರಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ಕರಾವಳಿಗೆ ಹೋಗುವ ಕಾರುಗಳ ಡಿಕ್ಕಿಯಲ್ಲಿ ಈಗೀಗ ಒಂದು ಹೊಸ ಸಾಮಾನು ಕಾಣಿಸುತ್ತಿದೆ. ಗಾಳಿ ತುಂಬುವ ಕಯಾಕ್. ಮಡಚಿದರೆ ದೊಡ್ಡ ಹಾಸಿಗೆ ಸುರುಳಿಯಷ್ಟು, ಉಬ್ಬಿಸಿದರೆ ಇಬ್ಬರು ಕೂರುವ ದೋಣಿ. ಕೊಳ್ಳುವುದು ಸುಲಭ. ಅದನ್ನು ಕರಾವಳಿಗೆ ಒಯ್ದು, ಸರಿಯಾದ ನೀರಿನಲ್ಲಿ, ಸರಿಯಾದ ಹೊತ್ತಿಗೆ ಇಳಿಸಿ, ಒಣ ಬಟ್ಟೆಯಲ್ಲಿ ಊಟಕ್ಕೆ ಮರಳುವುದು ಬೇರೆಯೇ ಕೆಲಸ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕರಾವಳಿಗೆ ದೋಣಿ ಒಯ್ಯಿರಿ, ಆದರೆ ಕಡಲಿಗೆ ಇಳಿಸಬೇಡಿ. ನಮ್ಮ ಕರಾವಳಿಯಲ್ಲಿ ಸಣ್ಣ ದೋಣಿಗೆ ಹೇಳಿ ಮಾಡಿಸಿದ ನೀರು ಇರುವುದು ನದಿ ಸಮುದ್ರ ಸೇರುವ ಮೊದಲಿನ ಕೆಲವು ಕಿಲೋಮೀಟರ್‌ಗಳಲ್ಲಿ. ಅಲ್ಲಿ ಅಲೆ ಇಲ್ಲ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನೆರಳಿದೆ, ಕುದ್ರುಗಳಿವೆ, ಅಂದರೆ ನದಿ ನಡುವಿನ ನಡುಗಡ್ಡೆಗಳು, ಹಕ್ಕಿಗಳಿವೆ. ಆದರೆ ಅಲ್ಲೂ ಯಜಮಾನಿಕೆ ನಿಮ್ಮದಲ್ಲ, ಉಬ್ಬರ ಇಳಿತದ್ದು. ಹೋಟೆಲ್ ಬುಕ್ ಮಾಡುವ ಮೊದಲು ಉಬ್ಬರದ ಪಟ್ಟಿ, ಅಂದರೆ ಕಡಲ ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಅನ್ನುವ ವೇಳಾಪಟ್ಟಿ ನೋಡಿ. ಈ ಬರಹದ ಒಂದು ದೊಡ್ಡ ಭಾಗ ಅದರ ಬಗ್ಗೆಯೇ ಇದೆ.

ಯಾವ ದೋಣಿ ಒಯ್ಯಬೇಕು?

ಗಟ್ಟಿ ಫೈಬರ್ ಅಥವಾ ಪ್ಲಾಸ್ಟಿಕ್ ಕಯಾಕ್ ನೀರಿನಲ್ಲಿ ಚೆನ್ನಾಗಿ ಓಡುತ್ತದೆ, ನಿಜ. ಆದರೆ ಮೂರೂವರೆ ನಾಲ್ಕು ಮೀಟರ್ ಉದ್ದದ ವಸ್ತುವನ್ನು ಕಾರಿನ ತಲೆ ಮೇಲೆ ಕಟ್ಟಿಕೊಂಡು ಶಿರಾಡಿ ಘಾಟಿ ಇಳಿಯುವುದು ತಮಾಷೆಯಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ಆದ ಮೇಲೆ ಮಿತಿ ಮೀರಿ ಹೊರಚಾಚಿದ ಸಾಮಾನಿಗೆ ದಂಡ 20,000 ರೂಪಾಯಿ. ಸಣ್ಣ ಹ್ಯಾಚ್‌ಬ್ಯಾಕ್ ಕಾರಿಗೆ ಇದು ಸುಮ್ನೆ ತಲೆನೋವು.

ಹಾಗಾಗಿ ಗಾಳಿ ತುಂಬುವುದೇ ವಾಸಿ. ಇದರಲ್ಲಿ ಎರಡು ಬಗೆ. ಒಂದು, ಪೂರ್ತಿ ಟ್ಯೂಬಿನಿಂದ ಮಾಡಿದ್ದು. ಅಗ್ಗ, ಹಗುರ, ಸುಮಾರು 0.1 ಬಾರ್ ಒತ್ತಡ ಸಾಕು. ಗಾಳಿ ಬೀಸಿದರೆ ಎಲೆಯ ಹಾಗೆ ತೇಲಿ ಹೋಗುತ್ತದೆ. ಇನ್ನೊಂದು, ತಳ ಗಟ್ಟಿಯಾಗಿ ಹಲಗೆಯಂತೆ ನಿಲ್ಲುವ ಬಗೆ. ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಸಾವಿರಾರು ದಾರ ಹೊಲಿದಿರುತ್ತಾರೆ, ಅದರಿಂದ ಅರ್ಧ ಬಾರ್‌ಗಿಂತ ಜಾಸ್ತಿ ಒತ್ತಡ ತಡೆಯುತ್ತದೆ. ನೇರ ಓಡುತ್ತದೆ, ಬೆಲೆಯೂ ಜಾಸ್ತಿ. ವರ್ಷಕ್ಕೆ ಎರಡು ಮೂರು ಸಲ ಹೋಗುವವರು ಇದನ್ನೇ ಕೊಳ್ಳಲಿ. ವರ್ಷಕ್ಕೊಮ್ಮೆ ಎರಡು ದಿನ ಹೋಗುವವರು ಯಾವುದನ್ನೂ ಕೊಳ್ಳಬೇಡಿ. ಸಾಲಿಗ್ರಾಮದ ಬಳಿ ಸೀತಾ ನದಿಯ ಕಾಂಡ್ಲಾ ವನದಲ್ಲಿ ಬಾಡಿಗೆಗೆ ಕಯಾಕ್ ಸಿಗುತ್ತದೆ, ದಾರಿ ಗೊತ್ತಿರುವ ಹುಡುಗರೂ ಜೊತೆಗೆ ಬರುತ್ತಾರೆ. ಅಷ್ಟು ಸಾಕು.

ತಳದಲ್ಲಿ ಸಿಕ್ಕಿಸುವ ಸಣ್ಣ ರೆಕ್ಕೆ ಇರುತ್ತದಲ್ಲ, ಅದನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಅದಿಲ್ಲದಿದ್ದರೆ ಪ್ರತಿ ಹುಟ್ಟಿಗೂ ಮೂತಿ ಆಚೀಚೆ ತಿರುಗುತ್ತಾ ಇರುತ್ತದೆ.

ಮೋಟಾರು ಬೇಡ. ಎಂಜಿನ್ ಕೂಡಿಸಿದ ಕ್ಷಣ ನಿಮ್ಮ ಆಟಿಕೆ ಕಾನೂನಿನ ಕಣ್ಣಲ್ಲಿ ಯಂತ್ರಚಾಲಿತ ಹಡಗು. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ಇಂಥವಕ್ಕೆ ತಪಾಸಣೆ, ನೋಂದಣಿ, ವಿಮೆ ಎಲ್ಲ ಕೇಳುತ್ತದೆ. ನಾಲ್ಕು ದಿನದ ರಜೆಗೆ ಅಷ್ಟೆಲ್ಲ ಯಾರಿಗೆ ಬೇಕು?

ಹೊರಡುವ ವಾರ ಮನೆಯಲ್ಲೇ ಮಾಡುವ ಕೆಲಸ

ತಾರಸಿಯಲ್ಲೋ ನಡುಮನೆಯಲ್ಲೋ ದೋಣಿಯನ್ನು ಪೂರ್ತಿ ಉಬ್ಬಿಸಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಒತ್ತಿ ನೋಡಿ. ರಾತ್ರಿ ತಂಪಿಗೆ ಸ್ವಲ್ಪ ಮೆತ್ತಗಾಗುವುದು ಸಹಜ, ಸೊರಗಿ ಬಿದ್ದಿದ್ದರೆ ಸೋರಿಕೆ ಇದೆ ಅಂತ. ಪಾತ್ರೆ ತೊಳೆಯುವ ಸೋಪಿನ ನೀರನ್ನು ಸ್ಪಂಜಿನಲ್ಲಿ ಅದ್ದಿ ಮೊದಲು ವಾಲ್ವ್ ಸುತ್ತ, ಆಮೇಲೆ ಹೊಲಿಗೆಯ ಉದ್ದಕ್ಕೂ ಸವರಿ. ಗುಳ್ಳೆ ಎದ್ದ ಕಡೆ ಪೆನ್ನಿನಲ್ಲಿ ಗುರುತು ಹಾಕಿ. ಪ್ಯಾಚ್ ಅಂಟಿಸುವ ಗೋಂದು ಪೂರ್ತಿ ಹಿಡಿಯಲು ಅರ್ಧ ದಿನವಾದರೂ ಬೇಕು. ಹೊರಡುವ ಹಿಂದಿನ ರಾತ್ರಿ ಅಂಟಿಸಿದ ಪ್ಯಾಚ್ ನಂಬಬೇಡಿ.

ಪಂಪ್ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಅಂತ ಗಡಿಯಾರ ಇಟ್ಟು ನೋಡಿ. ನದಿ ದಡದಲ್ಲಿ ಉಬ್ಬರ ನಿಮಗಾಗಿ ಕಾಯುವುದಿಲ್ಲ.

ಇನ್ನು ಲೈಫ್ ಜಾಕೆಟ್. ಇಲ್ಲಿ ಜಿಪುಣತನ ಮಾಡಬೇಡಿ. ನ್ಯೂಟನ್ ಅಂದರೆ ಜಾಕೆಟ್ಟಿನ ತೇಲಿಸುವ ಬಲದ ಅಳತೆ. ಲೇಬಲ್ ಮೇಲೆ 50 ನ್ಯೂಟನ್ ಅಂತ ಇದ್ದರೆ ಅದು ಈಜು ಬಲ್ಲವರಿಗೆ ಆಸರೆ ಅಷ್ಟೇ. ಈಜು ಬಾರದವರಿಗೆ, ಮಕ್ಕಳಿಗೆ 100 ನ್ಯೂಟನ್‌ನದ್ದೇ ಬೇಕು. ಮಗುವಿಗೆ ಹಾಕಿ, ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಜಾಕೆಟ್ ಕಿವಿಯವರೆಗೆ ಜಾರಿ ಬಂದರೆ ಅದು ನೀರಿನಲ್ಲೂ ಹಾಗೇ ಬರುತ್ತದೆ, ಮಗು ಕೆಳಗೆ ಉಳಿಯುತ್ತದೆ. ತೊಡೆಗಳ ನಡುವೆ ಕಟ್ಟುವ ಪಟ್ಟಿ ಇರುವುದನ್ನೇ ಆರಿಸಿ. 2019ರ ಜನವರಿ 21ರಂದು ಕಾರವಾರದಲ್ಲಿ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಕೂರ್ಮಗಡ ದಡದಿಂದ ಕಣ್ಣಿಗೆ ಕಾಣುವಷ್ಟೇ ದೂರ. ದಡ ಹತ್ತಿರ ಇದೆ ಅನ್ನುವ ಧೈರ್ಯ ನೀರಿನಲ್ಲಿ ಕೆಲಸಕ್ಕೆ ಬರುವುದಿಲ್ಲ.

ಉಳಿದ ಸಾಮಾನು ಜಾಸ್ತಿ ಏನಿಲ್ಲ. ಪ್ರತಿಯೊಬ್ಬರ ಜಾಕೆಟ್ಟಿಗೂ ಒಂದು ಸೀಟಿ. ಹದಿನೈದು ಮೀಟರ್ ತೇಲುವ ಹಗ್ಗ. ಫೋನಿಗೆ ನೀರು ಹೋಗದ ಚೀಲ, ಕೊರಳಿಗೆ ನೇತುಹಾಕುವಂಥದ್ದು. ತಲೆಗೆ ದಾರ ಕಟ್ಟುವ ಟೊಪ್ಪಿ. ತಲಾ ಎರಡು ಲೀಟರ್ ಕುಡಿಯುವ ನೀರು, ಓಆರ್‌ಎಸ್ ಪುಡಿ. ಕಾಲಿಗೆ ಹಿಮ್ಮಡಿ ಪಟ್ಟಿ ಇರುವ ದಪ್ಪ ಅಟ್ಟೆಯ ಚಪ್ಪಲಿ. ಹವಾಯಿ ಚಪ್ಪಲಿಯನ್ನು ಕೆಸರು ಮೊದಲ ಹೆಜ್ಜೆಗೇ ನುಂಗುತ್ತದೆ.

ಯಾವ ತಿಂಗಳು?

ನವೆಂಬರ್‌ನಿಂದ ಫೆಬ್ರವರಿ. ಮುಗಿಯಿತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯೋಚನೆಯೇ ಬೇಡ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಅದು ಮೀನು ಮೊಟ್ಟೆ ಇಡುವ ಕಾಲ ಅಂತ ಇಟ್ಟ ರಜೆ, ಆದರೆ ಆಗಿನ ಕಡಲನ್ನು ನೋಡಿದವರಿಗೆ ಬೇರೆ ಕಾರಣವೂ ಕಾಣುತ್ತದೆ. ನದಿಗಳು ಆಗ ಕೆಂಪಗೆ ಉಕ್ಕಿ ಮರದ ಬೊಡ್ಡೆಗಳನ್ನು ಹೊತ್ತು ತರುತ್ತವೆ.

ಮಾರ್ಚ್‌ನಿಂದ ಮೇ ತನಕ ಶಾಲೆ ರಜೆ, ಎಲ್ಲರಿಗೂ ಆಗಲೇ ಹೋಗುವ ಆಸೆ. ಹೋಗಬಹುದು. ಆದರೆ ಪಡುವಣ ಗಾಳಿ ಬೇಗ ಏಳುತ್ತದೆ, ಸೆಕೆ ವಿಪರೀತ. ಇನ್ನೊಂದು ವಿಷಯ, ಈ ತಿಂಗಳುಗಳಲ್ಲಿ ದಕ್ಷಿಣದ ದೂರದ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಸಾಗಿ ನಮ್ಮ ದಡಕ್ಕೆ ಬಂದು ಹೊಡೆಯುತ್ತವೆ. ಇಲ್ಲಿ ಆಕಾಶ ತಿಳಿಯಾಗಿರುತ್ತದೆ, ಗಾಳಿ ಇರುವುದಿಲ್ಲ, ಆದರೂ ಕಡಲು ಏರಿ ಬರುತ್ತದೆ. ಕೇರಳದವರು ಇದನ್ನು ಕಳ್ಳಕ್ಕಡಲ್ ಅನ್ನುತ್ತಾರೆ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕೋಯಿಸ್ (INCOIS) ಇದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ, ಕರ್ನಾಟಕದ ಜಿಲ್ಲೆಗಳಿಗೂ ಸೇರಿ. ಹೊರಡುವ ದಿನವೂ ನೀರಿಗಿಳಿಯುವ ಬೆಳಗ್ಗೆಯೂ ಅವರ ವೆಬ್‌ಸೈಟ್ ನೋಡಿ. ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆಯನ್ನೂ ನೋಡಿ. ಮೀನುಗಾರರಿಗೆ ಇಳಿಯಬೇಡಿ ಅಂದ ದಿನ ನಿಮಗೂ ಇಳಿಯಬೇಡಿ ಅಂತಲೇ ಅರ್ಥ.

ಯಾರಿಗೆ ಹೇಳಬೇಕು?

2008ರ ನವೆಂಬರ್‌ನಲ್ಲಿ ಮುಂಬೈಗೆ ಬಂದ ದಾಳಿಕೋರರು ಕಡಲ ದಾರಿಯಲ್ಲಿ, ಒಂದು ಮೀನುಗಾರಿಕೆ ದೋಣಿಯನ್ನು ವಶಪಡಿಸಿಕೊಂಡು ಬಂದಿದ್ದರು. ಆಮೇಲೆ ಇಡೀ ಪಶ್ಚಿಮ ಕರಾವಳಿಯಲ್ಲಿ ಗುರುತಿಲ್ಲದ ದೋಣಿ ಅಂದರೆ ಜನ ತಿರುಗಿ ನೋಡುತ್ತಾರೆ. ನೋಡಬೇಕಾದ್ದೇ. ನಮ್ಮಲ್ಲಿ ಕರಾವಳಿ ಕಾವಲು ಪೊಲೀಸ್ ಅಂತಲೇ ಪ್ರತ್ಯೇಕ ಪಡೆ ಇದೆ, ಮಲ್ಪೆಯಲ್ಲಿ ಕೇಂದ್ರ ಕಚೇರಿ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ಕುಮಟಾ, ಕಾರವಾರದಂಥ ಊರುಗಳಲ್ಲಿ ಠಾಣೆಗಳು. ನೀವು ಉಳಿಯುವ ಊರಿನ ಹತ್ತಿರದ ಠಾಣೆಗೆ ಹೋಗಿ, ಆಧಾರ್ ತೋರಿಸಿ, ಎಲ್ಲಿ ಇಳಿಸುತ್ತೀರಿ, ಯಾವ ಬಣ್ಣದ ದೋಣಿ, ಎಷ್ಟು ಜನ ಅಂತ ಹೇಳಿ ಬನ್ನಿ. ಹತ್ತು ನಿಮಿಷದ ಕೆಲಸ. ಅವರೇ ಎಲ್ಲಿ ಹೋಗಬಾರದು ಅಂತಲೂ ಹೇಳುತ್ತಾರೆ. ಬಂದರು ಇರುವ ಊರಾದರೆ ಬಂದರು ಕಚೇರಿಯಲ್ಲೂ ಒಂದು ಮಾತು ಕೇಳಿ.

ಫೋನಿನಲ್ಲಿ ಮೂರು ನಂಬರ್ ಇರಲಿ: ಕರಾವಳಿ ಕಾವಲಿಗೆ 1093, ಕೋಸ್ಟ್ ಗಾರ್ಡ್‌ಗೆ 1554, ಎಲ್ಲದಕ್ಕೂ 112.

ಕಾರವಾರದಲ್ಲಿ ಹೆಚ್ಚು ಜಾಗ್ರತೆ ಬೇಕು. ಐಎನ್‌ಎಸ್ ಕದಂಬ ನೌಕಾನೆಲೆಯ ಆಸುಪಾಸು, ಅಂಜುದೀವ ದ್ವೀಪದ ಕಡೆ ಸುಳಿಯಲೇಬೇಡಿ. ಕಾಳಿ ನದಿಯಲ್ಲಿ ಮೇಲೆ ಹೋದರೆ ಕೈಗಾ ಅಣು ವಿದ್ಯುತ್ ಸ್ಥಾವರ. ಡ್ರೋನ್ ಹಾರಿಸುವ ಯೋಚನೆ ಇದ್ದರೆ ಅದನ್ನು ಬೆಂಗಳೂರಿನಲ್ಲೇ ಬಿಟ್ಟು ಬನ್ನಿ. ಅಮೆರಿಕ, ಯೂರೋಪಿನಿಂದ ರಜೆಗೆ ಬರುವ ಕನ್ನಡಿಗರಿಗೆ ಒಂದು ಕಿವಿಮಾತು: ಅಲ್ಲಿ ಕಯಾಕಿಂಗ್‌ಗೆ ಎಲ್ಲರೂ ಒಯ್ಯುವ ಉಪಗ್ರಹ ಸಂದೇಶ ಸಾಧನ, ಉಪಗ್ರಹ ಫೋನು ಇಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣದಲ್ಲೇ ರಜೆ ಮುಗಿದುಹೋಗುತ್ತದೆ.

ಯಾವ ನದಿ?

ಹೊಸಬರಿಗೆ ನನ್ನ ಮೊದಲ ಆಯ್ಕೆ ಕುಂದಾಪುರದ ಪಂಚಗಂಗಾವಳಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಇವೆಲ್ಲ ಸೇರುವ ಜಾಗ. ಕುದ್ರುಗಳ ಮಧ್ಯೆ ಸಣ್ಣ ಸಣ್ಣ ಕವಲುಗಳಿವೆ, ಗಾಳಿ ಬಂದರೆ ಮರೆ ಸಿಗುತ್ತದೆ. ಗಂಗೊಳ್ಳಿ ಬಂದರಿನ ಕಡೆ ಮತ್ತು ಅಳಿವೆ (ನದಿ ಕಡಲು ಸೇರುವ ಜಾಗ) ಬಾಗಿಲ ಕಡೆ ಮಾತ್ರ ಹೋಗಬೇಡಿ. ಟ್ರಾಲ್ ಬೋಟುಗಳು ನುಗ್ಗಿ ಬರುತ್ತವೆ, ಎತ್ತರದಲ್ಲಿ ಕೂತ ಚಾಲಕನಿಗೆ ನೀರಿಗೆ ಅಂಟಿಕೊಂಡಂತಿರುವ ನಿಮ್ಮ ದೋಣಿ ಕಾಣುವುದಿಲ್ಲ.

ಸುವರ್ಣಾ ಮತ್ತು ಸೀತಾ ನದಿಗಳು ಸೇರುವ ಕೋಡಿ ಬೆಂಗ್ರೆಯೂ ಚೆಂದ. ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು, ನಡುವೆ ತೆಳ್ಳಗಿನ ಮರಳಿನ ಪಟ್ಟಿ. ಫೋಟೋ ನೋಡಿ ಮರುಳಾಗಿ ತುದಿಯವರೆಗೆ ಹೋಗಬೇಡಿ, ಎರಡು ನದಿಗಳ ಇಳಿತ ಅಲ್ಲೇ ಹೊರಬೀಳುವುದು. ಹಂಗಾರಕಟ್ಟೆಯಿಂದ ಮೇಲಕ್ಕೆ ಇರಿ.

ಹೊನ್ನಾವರದ ಶರಾವತಿ ಬಲು ಅಗಲ. ಕೊಂಕಣ ರೈಲ್ವೆಯ ಸೇತುವೆಯೇ ಎರಡು ಕಿಲೋಮೀಟರ್‌ಗಿಂತ ಉದ್ದ ಅಂದರೆ ಲೆಕ್ಕ ಹಾಕಿ. ಅಗಲ ಇದ್ದಷ್ಟೂ ಗಾಳಿಗೆ ಅಲೆ ಎಬ್ಬಿಸಲು ಜಾಗ ಜಾಸ್ತಿ, ಹಾಗಾಗಿ ನಡು ನೀರು ಬಿಟ್ಟು ದಡದ ಕವಲುಗಳಲ್ಲಿ ಓಡಾಡಿ. ಇನ್ನೊಂದು, ಮೇಲೆ ಗೇರುಸೊಪ್ಪೆಯಲ್ಲಿ ಅಣೆಕಟ್ಟೆ ಇದೆ. ವಿದ್ಯುತ್ ತಯಾರಿಸಿ ಬಿಡುವ ನೀರು ಪಟ್ಟಿಯ ಲೆಕ್ಕವನ್ನು ಸ್ವಲ್ಪ ಕೆಡಿಸುತ್ತದೆ. ಕಾಳಿಗೂ ಕದ್ರಾ ಅಣೆಕಟ್ಟಿನಿಂದ ಇದೇ ಕಥೆ. ಜೊತೆಗೆ 2024ರ ಆಗಸ್ಟ್‌ನಲ್ಲಿ ಹಳೆಯ ಕಾಳಿ ಸೇತುವೆ ಕುಸಿಯಿತು, ನೆನಪಿದೆ ಅಲ್ವಾ? ಆ ಜಾಗದಿಂದ ದೂರ ಇರಿ.

ಅಘನಾಶಿನಿಗೆ ಅಣೆಕಟ್ಟೆ ಇಲ್ಲ. ಅದಕ್ಕೇ ಅಲ್ಲಿನ ಉಬ್ಬರ ಇಳಿತ ಪಟ್ಟಿಗೆ ಹತ್ತಿರ ನಡೆಯುತ್ತದೆ. 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಅಂತ ಮಾನ್ಯತೆಯೂ ಬಂತು. ಅದರ ಗುಣವೂ ಅಪಾಯವೂ ಒಂದೇ, ಕೆಸರು ಬಯಲು. ನೀರು ಇಳಿದರೆ ಎಕರೆಗಟ್ಟಲೆ ಬಯಲು ಮೇಲೆ ಬರುತ್ತದೆ, ಹೆಂಗಸರು ಗಂಡಸರು ಬುಟ್ಟಿ ಹಿಡಿದು ಬಳಚು (ಚಿಪ್ಪುಮೀನು) ಆಯಲು ಇಳಿಯುತ್ತಾರೆ. ನಿಮ್ಮ ದೋಣಿ ಆ ಹೊತ್ತಿಗೆ ಅಲ್ಲಿದ್ದರೆ ಮುಂದಿನ ಉಬ್ಬರದವರೆಗೆ ಅಲ್ಲೇ. ಇಳಿದು ಎಳೆಯುತ್ತೇನೆ ಅನ್ನಬೇಡಿ, ಮೊಣಕಾಲುದ್ದ ಹೂತುಹೋಗುತ್ತೀರಿ. ಚಿಪ್ಪುಗಳ ಅಂಚು ಬ್ಲೇಡಿನಂತೆ, ಕಾಲನ್ನೂ ಕೊಯ್ಯುತ್ತದೆ, ದೋಣಿಯ ತಳವನ್ನೂ ಕೊಯ್ಯುತ್ತದೆ.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಕಯಾಕಿನಲ್ಲಿ ಹೋಗಬಹುದಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ದಡದಲ್ಲಿ ನಿಂತರೆ ಕೈಗೆ ಸಿಗುವಂತೆ ಕಾಣುತ್ತದೆ. ಬೇಡ. ಅಲ್ಲಿಗೆ ಪ್ರವಾಸಿ ಬೋಟು ಇದೆ, ಟಿಕೆಟ್ ತೆಗೆದುಕೊಂಡು ಹೋಗಿ.

ಉಳಿಯುವ ಮನೆ

ಹೋಂಸ್ಟೇಗೆ ಫೋನ್ ಮಾಡಿದಾಗ ‘ನದಿ ಪಕ್ಕ ಇದೆಯಾ’ ಅಂತ ಕೇಳಿ ಸುಮ್ಮನಾಗಬೇಡಿ. ‘ನೀರು ಇಳಿದಾಗಲೂ ಮೆಟ್ಟಿಲ ಬುಡದಲ್ಲಿ ನೀರು ಇರ್ತದಾ, ಕೆಸರು ಬರ್ತದಾ?’ ಅಂತ ಕೇಳಿ. ಇದೊಂದು ಪ್ರಶ್ನೆಗೆ ಸಿಗುವ ಉತ್ತರ ಹತ್ತು ಫೋಟೋಗಿಂತ ಮೇಲು. ಆಮೇಲೆ, ಆ ಮೆಟ್ಟಿಲು ಅವರದ್ದೋ ಪಕ್ಕದ ಮನೆಯವರದ್ದೋ, ಸಿಹಿನೀರಿನ ನಲ್ಲಿ ಮತ್ತು ಪೈಪು ಇದೆಯಾ, ದೋಣಿಯನ್ನು ರಾತ್ರಿ ನೆರಳಲ್ಲಿ ಇಡಲು ಜಾಗ ಇದೆಯಾ ಅಂತ ಕೇಳಿಕೊಳ್ಳಿ. ನಾಯಿ ಇದೆಯಾ ಅಂತಲೂ. ರಬ್ಬರಿನ ವಾಸನೆ ನಾಯಿಮರಿಗಳಿಗೆ ಬಲು ಇಷ್ಟ.

ನದಿ ಮೆಟ್ಟಿಲುಗಳು ಸಾಮಾನ್ಯವಾಗಿ ಕೆಂಪು ಮುರಕಲ್ಲಿನವು. ನೀರಿನೊಳಗಿನ ಮೆಟ್ಟಿಲಿಗೆ ಸಿಂಪಿ ಅಂಟಿಕೊಂಡಿರುತ್ತದೆ. ದೋಣಿಯನ್ನು ಎಂದೂ ಎಳೆಯಬೇಡಿ, ಇಬ್ಬರು ಎರಡು ತುದಿ ಹಿಡಿದು ಎತ್ತಿ ಇಳಿಸಿ.

ಸಾಗಿಸುವುದು

ಕಾರಾದರೆ ಡಿಕ್ಕಿ ಸಾಕು. ಕಾರಿಲ್ಲದವರಿಗೆ ಬೆಂಗಳೂರು ಕಾರವಾರ ನಡುವಿನ ಪಂಚಗಂಗಾ ಎಕ್ಸ್‌ಪ್ರೆಸ್ ತುಂಬ ಅನುಕೂಲ. ರಾತ್ರಿ ಹತ್ತಿದರೆ ಬೆಳಗ್ಗೆ ಉಡುಪಿ, ಕುಂದಾಪುರ, ಹೊನ್ನಾವರ, ಕುಮಟಾ. ಸ್ಲೀಪರ್‌ನಲ್ಲೂ ಥರ್ಡ್ ಎಸಿಯಲ್ಲೂ ತಲಾ 40 ಕಿಲೋ ಸಾಮಾನು ಉಚಿತ, ಇಬ್ಬರ ದೋಣಿ ಅದರ ಅರ್ಧವೂ ಆಗುವುದಿಲ್ಲ. ಚೀಲವನ್ನು ಮೊದಲು ಹತ್ತಿಸಿ ಕೆಳಗಿನ ಬರ್ತ್ ಅಡಿ ತಳ್ಳಿಬಿಡಿ. ಹುಟ್ಟು ಮೂರು ನಾಲ್ಕು ತುಂಡಾಗುವಂಥದ್ದು ಕೊಂಡಿದ್ದರೆ ಇಲ್ಲಿ ಪ್ರಯೋಜನ ಗೊತ್ತಾಗುತ್ತದೆ. ನಿಲ್ದಾಣದಿಂದ ಮುಂದಕ್ಕೆ ಆಟೋ.

ಉಬ್ಬರದ ಲೆಕ್ಕ

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಏರಿಗೆ ಸುಮಾರು ಆರು ಗಂಟೆ, ಒಂದು ಇಳಿಗೆ ಸುಮಾರು ಆರು ಗಂಟೆ. ಈ ಹೊತ್ತು ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಎರಡೂ ಉಬ್ಬರ ಒಂದೇ ಎತ್ತರ ಇರುವುದಿಲ್ಲ, ಒಂದು ದೊಡ್ಡದು, ಒಂದು ಚಿಕ್ಕದು. ಅಮಾವಾಸ್ಯೆ ಹುಣ್ಣಿಮೆ ಕಳೆದ ಒಂದೆರಡು ದಿನ ಏರಿಳಿತ ಅತಿ ಜಾಸ್ತಿ, ಅಷ್ಟಮಿ ಆಸುಪಾಸು ಕಡಿಮೆ. ಹಾಗಾಗಿ ಮನೆಯ ಪಂಚಾಂಗ ಕ್ಯಾಲೆಂಡರೇ ನಿಮ್ಮ ಮೊದಲ ನಕ್ಷೆ.

ಹುಣ್ಣಿಮೆ ಅಥವಾ ಅಮಾವಾಸ್ಯೆಯ ದಿನ ಹಗಲಿನ ಉಬ್ಬರ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ತುಂಬುತ್ತದೆ. ಎರಡು ಮೂರು ದಿನ ಹಿಂದೆ ಹೋದರೆ ಬೆಳಗಿನ ಒಂಬತ್ತರ ಸುಮಾರಿಗೆ. ನನಗೆ ಇಷ್ಟದ ದಿನಗಳು ಇವೇ, ಹುಣ್ಣಿಮೆಗೆ ಎರಡು ಮೂರು ದಿನ ಮುಂಚಿನವು. ಕಾರಣ ಮುಂದಿದೆ. ನಿಖರ ಹೊತ್ತಿಗೆ ಉಬ್ಬರದ ಪಟ್ಟಿಯನ್ನೇ ನೋಡಬೇಕು. ಪಟ್ಟಿಯಲ್ಲಿ ಬರೆದಿರುವುದು ಬಂದರಿನ ಹೊತ್ತು. ನದಿಯಲ್ಲಿ ಒಳಗೆ ಹೋದಷ್ಟೂ ಅದು ತಡವಾಗುತ್ತದೆ. ಎಷ್ಟು ತಡ ಅಂತ ಹೋಂಸ್ಟೇ ಯಜಮಾನರಿಗೋ ಅಲ್ಲಿನ ದೋಣಿಯವರಿಗೋ ಗೊತ್ತಿರುತ್ತದೆ. ಮೊದಲ ದಿನ ನೀರಿಗಿಳಿಯದೆ ಮೆಟ್ಟಿಲ ಬಳಿ ಒಂದು ಕೋಲು ನೆಟ್ಟು ನೀವೇ ನೋಡಿ.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ, ಇಳಿಯುವುದೂ ಇಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿ. ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೇ ಗಂಟೆಗಳಲ್ಲಿ ಮೂರು ಮೂರು, ಐದರಲ್ಲಿ ಎರಡು, ಆರರಲ್ಲಿ ಒಂದು. ಒಂದು ಮೀಟರ್ ಇಳಿಯುವ ದಿನ ಅಂದುಕೊಳ್ಳಿ. ಮೊದಲ ಗಂಟೆ 8 ಸೆಂಟಿಮೀಟರ್ ಇಳಿದು ಪಾಪದ ಹಾಗೆ ಇರುತ್ತದೆ. ಮೂರನೇ ಗಂಟೆಗೆ 25 ಸೆಂಟಿಮೀಟರ್. ಇಡೀ ನದಿಯ ಅಗಲಕ್ಕೆ ಅಷ್ಟು ನೀರು ಗಂಟೆಯೊಳಗೆ ಕಡಲಿಗೆ ಹೋಗಬೇಕು ಅಂದರೆ ಸೆಳೆತ ಹೇಗಿರಬೇಡ?

ಈಗ ಯೋಜನೆ. ಗಾಳಿ ತುಂಬಿದ ದೋಣಿಯಲ್ಲಿ ಇಬ್ಬರು ಹುಟ್ಟು ಹಾಕಿದರೆ ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ಹೋಗಬಹುದು. ಅಳಿವೆಯಿಂದ ಕನಿಷ್ಠ ಎರಡು ಮೂರು ಕಿಲೋಮೀಟರ್ ಮೇಲೆ ನೀರಿಗಿಳಿಯಿರಿ. ಉಬ್ಬರ ತುಂಬಲು ಎರಡು ಗಂಟೆ ಇರುವಾಗ ಹೊರಟು ಏರುವ ನೀರಿನ ಜೊತೆ ನದಿಯ ಮೇಲ್ಮುಖಕ್ಕೆ ಹೋಗಿ. ಎಲ್ಲಾದರೂ ಕುದ್ರುವಿನ ಬಳಿ ನಿಂತು ತಿಂಡಿ ತಿನ್ನಿ. ನೀರು ತುಂಬಿ ಸ್ವಲ್ಪ ಹೊತ್ತು ನಿಶ್ಚಲ ನಿಲ್ಲುತ್ತದೆ, ತೇಲುವ ಎಲೆಗಳು ನಿಂತಲ್ಲೇ ನಿಲ್ಲುತ್ತವೆ. ಅದೇ ಮರಳುವ ಸೂಚನೆ. ಇಳಿತದ ಮೊದಲ ಒಂದೂವರೆ ಗಂಟೆಯೊಳಗೆ ಮೆಟ್ಟಿಲು ಮುಟ್ಟಿಬಿಡಿ. ಬೆಳಗ್ಗೆ ಒಂಬತ್ತಕ್ಕೆ ಉಬ್ಬರ ಇರುವ ದಿನ ಏಳಕ್ಕೆ ಹೊರಟು ಹತ್ತೂವರೆಯೊಳಗೆ ಮನೆ. ಹೊತ್ತು ಏರಿದ ಮೇಲೆ ಏಳುವ ಕಡಲ ಗಾಳಿಗೂ ನೀವು ಸಿಗುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಬೆಳಗಿನ ಇಳಿತ. ಬೆಳಗ್ಗೆ ನೆಲದ ಕಡೆಯಿಂದ ಕಡಲಿಗೆ ತಣ್ಣಗೆ ಗಾಳಿ ಇರುತ್ತದೆ, ನೀರೂ ಕಡಲಿಗೆ ಹೊರಟಿರುತ್ತದೆ. ಎರಡೂ ಸೇರಿ ದೋಣಿಯನ್ನು ಅಳಿವೆಗೆ ಒಯ್ಯುತ್ತವೆ. ನೀರು ಕನ್ನಡಿಯ ಹಾಗೆ ಕಾಣುವುದರಿಂದ ಯಾರಿಗೂ ಅನುಮಾನವೇ ಬರುವುದಿಲ್ಲ. ಅಂಥ ದಿನ ನೀರ್‌ದೋಸೆ ತಿಂದು ಮಲಗಿ. ಮಧ್ಯಾಹ್ನದ ಇಳಿತ ಬೇರೆ ಬಗೆ: ಗಾಳಿ ಒಳಕ್ಕೆ, ನೀರು ಹೊರಕ್ಕೆ, ಎರಡೂ ಗುದ್ದಾಡಿ ಗಿಡ್ಡ ಕಡಿದಾದ ಅಲೆ ಎದ್ದು ದೋಣಿಯೊಳಗೆ ನೀರು ಹೊಡೆಯುತ್ತದೆ.

ಸೆಳೆತ ಅಳೆಯಲು ಒಂದು ಸರಳ ದಾರಿ ಇದೆ. ದೋಣಿಯನ್ನು ಮೆಟ್ಟಿಲಿಗೆ ಕಟ್ಟಿ, ಮೂತಿಯ ಬಳಿ ಒಣ ತೆಂಗಿನ ಸಿಪ್ಪೆಯ ತುಂಡೊಂದನ್ನು ನೀರಿಗೆ ಬಿಡಿ. ಅದು ಹಿಂಬದಿ ದಾಟಲು ಎಷ್ಟು ಸೆಕೆಂಡ್ ಅಂತ ಎಣಿಸಿ. ಮೂರೂವರೆ ಮೀಟರ್ ದೋಣಿಯನ್ನು ಏಳು ಸೆಕೆಂಡಿನಲ್ಲಿ ದಾಟಿದರೆ ಸೆಳೆತ ಗಂಟೆಗೆ 1.8 ಕಿಲೋಮೀಟರ್, ನಿಮ್ಮ ವೇಗದ ಅರ್ಧ. ಐದು ಸೆಕೆಂಡಿಗಿಂತ ಬೇಗ ದಾಟಿದರೆ ದೋಣಿ ಬಿಚ್ಚಬೇಡಿ. ನಡು ನದಿಯಲ್ಲಿ ಇದಕ್ಕಿಂತ ಜಾಸ್ತಿಯೇ ಇರುತ್ತದೆ.

ನೀರಿನ ಮೇಲೆ

ದೋಣಿಯನ್ನು ನೆರಳಿನಲ್ಲಿ ಉಬ್ಬಿಸಿ. ಬಿಸಿಲಿಗೆ ಗಾಳಿ ಹಿಗ್ಗುತ್ತದೆ. ಬೆಳಗಿನ 25 ಡಿಗ್ರಿಯಲ್ಲಿ 0.1 ಬಾರ್ ತುಂಬಿದ ಟ್ಯೂಬು ಮರಳಿನ ಮೇಲೆ 50 ಡಿಗ್ರಿಗೆ ಕಾದರೆ ಒಳಗಿನ ಒತ್ತಡ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ, ಹೊಲಿಗೆ ಬಾಯಿ ಬಿಡುತ್ತದೆ. ತಂಪು ನೀರಿಗೆ ಇಳಿದ ಮೇಲೆ ತಿರುಗಾ ಮೆತ್ತಗಾಗುತ್ತದೆ. ಹತ್ತು ನಿಮಿಷ ನೀರಿನಲ್ಲಿ ಬಿಟ್ಟು ನಾಲ್ಕು ಪಂಪ್ ಹೊಡೆದು ಹೊರಡಿ. ದಡದಲ್ಲಿ ಬಿಸಿಲಿಗೆ ಬಿಡುವುದಾದರೆ ಸ್ವಲ್ಪ ಗಾಳಿ ತೆಗೆಯಿರಿ.

ಎಲ್ಲಿಗೆ ಹೊರಟಿದ್ದೀರಿ, ಎಷ್ಟು ಗಂಟೆಗೆ ಬರುತ್ತೀರಿ ಅಂತ ಮನೆಯವರಿಗೆ ಹೇಳಿ. ಬಂದಾಗ ‘ಬಂದೆವು’ ಅಂತಲೂ ಹೇಳಿ. ಇಲ್ಲದಿದ್ದರೆ ಪಾಪ, ಅವರು ದೋಣಿ ತೆಗೆದುಕೊಂಡು ಹುಡುಕಲು ಹೊರಡುತ್ತಾರೆ.

ಬಲೆಗಳ ಬಗ್ಗೆ ಬಿಡಿಸಿ ಹೇಳಬೇಕು. ನದಿಯಲ್ಲಿ ಸಾಲಾಗಿ ತೇಲುವ ಥರ್ಮಾಕೋಲ್ ತುಂಡು, ಖಾಲಿ ಬಾಟಲಿ ಕಂಡರೆ ಅದು ಕಸ ಅಂದುಕೊಳ್ಳಬೇಡಿ, ಕೆಳಗೆ ಬಲೆ ಇದೆ. ಸಾಲಾಗಿ ನೆಟ್ಟ ಗೂಟಗಳ ನಡುವೆಯೂ ಬಲೆ ಇರುತ್ತದೆ. ದೋಣಿಯ ರೆಕ್ಕೆ ಅದಕ್ಕೆ ಸಿಕ್ಕಿಕೊಂಡರೆ ಒಬ್ಬರ ದಿನದ ದುಡಿಮೆ ಹರಿದುಹೋಗುತ್ತದೆ. ಹತ್ತಿರ ದೋಣಿ ಇದ್ದರೆ ದೂರದಿಂದಲೇ ಕೇಳಿ: ‘ಅಣ್ಣಾ, ಬಲೆ ಎಲ್ಲಿವರೆಗೆ ಇದೆ?’ ‘ಅಲ್ಲಿ ಬಿಳಿ ಬಾಟ್ಲಿ ಕಾಣ್ತದಲ್ಲ, ಅದರ ಆಚೆಯಿಂದ ಹೋಗಿ’ ಅಂತ ಕೈ ತೋರಿಸುತ್ತಾರೆ. ಕೇಳಿದರೆ ಯಾರೂ ಸಿಡುಕುವುದಿಲ್ಲ. ಕೇಳದೆ ಬಲೆ ಮೇಲೆ ಹಾದರೆ ಬೈಗುಳ ಗ್ಯಾರಂಟಿ, ತಪ್ಪೂ ನಿಮ್ಮದೇ.

ಮರಳು ದೋಣಿ, ಬಾರ್ಜ್ ಎದುರಾದರೆ ದಾರಿ ಬಿಟ್ಟು ದಡಕ್ಕೆ ಸರಿಯಿರಿ. ಅವರಿಗೆ ತಟ್ಟನೆ ನಿಲ್ಲಿಸಲು ಆಗುವುದಿಲ್ಲ. ಸೇತುವೆ ಕಂಬಗಳ ಬಳಿ ನೀರು ಸುತ್ತುತ್ತದೆ, ಎರಡು ಕಂಬಗಳ ಸರಿ ಮಧ್ಯೆ ನೇರವಾಗಿ ದಾಟಿ, ಕಂಬ ಹಿಡಿದು ನಿಂತು ಫೋಟೋ ತೆಗೆಯಬೇಡಿ.

ಮಗುಚಿದರೆ

ಇದನ್ನು ದೋಣಿ ಇಳಿಸುವ ಮೊದಲ ದಿನವೇ, ಸೊಂಟದುದ್ದ ನೀರಿನಲ್ಲಿ, ಬೇಕಂತಲೇ ಮಗುಚಿ ಅಭ್ಯಾಸ ಮಾಡಿ. ಮಕ್ಕಳಿಗೆ ಇದೇ ರಜೆಯ ಅತಿ ದೊಡ್ಡ ಖುಷಿ ಆಗಿಬಿಡುತ್ತದೆ. ದೋಣಿಯನ್ನು ಬಿಡಬಾರದು, ಅದು ತೇಲುತ್ತದೆ. ಇಬ್ಬರೂ ಒಂದೇ ಬದಿಗೆ ಬಂದು ಆಚೆ ಬದಿಯ ಹಿಡಿಕೆ ಹಿಡಿದು ನಿಮ್ಮ ಕಡೆ ಎಳೆದುಕೊಂಡರೆ ದೋಣಿ ನೆಟ್ಟಗಾಗುತ್ತದೆ. ಆಮೇಲೆ ಒಬ್ಬರು ಒಂದು ಬದಿ ಭಾರ ಕೊಟ್ಟು ಹಿಡಿಯಬೇಕು, ಇನ್ನೊಬ್ಬರು ಎದುರು ಬದಿಯಿಂದ ಕಾಲು ಬಡಿದು ಹೊಟ್ಟೆ ಮೇಲೆ ಏರಬೇಕು. ಎದ್ದು ನಿಲ್ಲುವ ಹಾಗಿಲ್ಲ. ಹೊಟ್ಟೆ ಮೇಲೆ ಬಿದ್ದುಕೊಂಡೇ ಹೊರಳಿ ಕೂರಿ. ಆಮೇಲೆ ನೀರಿನಲ್ಲಿರುವವರನ್ನು ಎಳೆದುಕೊಳ್ಳಿ. ಏರಲು ಆಗದಿದ್ದರೆ ದೋಣಿ ಹಿಡಿದುಕೊಂಡು ಸೀಟಿ ಊದಿ, ಮೂರು ಮೂರು ಸಲ. ಸೆಳೆತಕ್ಕೆ ಎದುರಾಗಿ ಈಜಬೇಡಿ, ಅಡ್ಡವಾಗಿ ದಡದ ಕಡೆ ಕಾಲು ಬಡಿಯಿರಿ. ಬಿದ್ದುಹೋದ ಹುಟ್ಟು, ಚಪ್ಪಲಿ, ಡಬ್ಬಿಯ ಹಿಂದೆ ಯಾರೂ ಹೋಗಬಾರದು.

ತೊಳೆದು ಮಡಚುವುದು

ಉಪ್ಪುನೀರಿನ ದೋಣಿಯನ್ನು ಹಾಗೇ ಮಡಚಿದರೆ ಒಣಗಿದ ಉಪ್ಪಿನ ಹರಳು ಮಡಿಕೆಗಳಲ್ಲಿ ಉಜ್ಜಿ ಉಜ್ಜಿ ಬಟ್ಟೆಯನ್ನು ತಿನ್ನುತ್ತದೆ. ಗಾಳಿ ಇರುವಾಗಲೇ ಸಿಹಿನೀರು ಬಿಟ್ಟು ತೊಳೆಯಿರಿ. ಸೀಟಿನ ಅಡಿ, ಜಿಪ್ಪಿನ ಹಲ್ಲು, ವಾಲ್ವಿನ ಸುತ್ತ ಮರಳು ಕೂತಿರುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಜಿಪ್ಪಿಗೆ ಮೇಣದ ಬತ್ತಿ ತಿಕ್ಕಿ. ನೆರಳಿನಲ್ಲಿ ತಲೆಕೆಳಗಾಗಿ ಒಣಗಿಸಿ. ಬಟ್ಟೆ ಹೊದಿಕೆ ಇರುವ ಕಯಾಕ್ ಹೊರಗೆ ಒಣಗಿದಂತೆ ಕಂಡರೂ ಒಳಗೆ ಟ್ಯೂಬು ಮತ್ತು ಹೊದಿಕೆಯ ನಡುವೆ ಒಂದು ಲೋಟ ನೀರು ಉಳಿದಿರುತ್ತದೆ. ಮೂಲೆ ಎತ್ತಿ ಸುರಿಸಿ.

ಕರಾವಳಿಯ ತೇವದಲ್ಲಿ ಪೂರ್ತಿ ಒಣಗುವುದು ಕಷ್ಟ. ಹೊರಡುವ ದಿನ ಹೇಗೋ ಮಡಚಿ ತುಂಬಿ, ಪರವಾಗಿಲ್ಲ. ಆದರೆ ಮನೆ ತಲುಪಿದ ದಿನವೇ ಚೀಲದಿಂದ ತೆಗೆದು, ಅರ್ಧ ಗಾಳಿ ತುಂಬಿ ಫ್ಯಾನ್ ಕೆಳಗೆ ಎರಡು ದಿನ ಬಿಡಿ. ಆಮೇಲೆ ಪ್ರತಿ ಸಲವೂ ಒಂದೇ ಗೆರೆಯಲ್ಲಿ ಮಡಚದೆ ಸ್ವಲ್ಪ ಆಚೀಚೆ ಮಾಡಿ, ಸಡಿಲವಾಗಿ ಸುತ್ತಿ ಅಟ್ಟದ ಮೇಲೆ ಹಾಕಿ. ಇಲಿ ಓಡಾಡುವ ಅಟ್ಟವಾದರೆ ಮಂಚದ ಕೆಳಗೆ ಇಡುವುದು ವಾಸಿ.